ಕೆಂಪಿಯ ಸಹಿ ತಾಳೆಯಾಗಲಿಲ್ಲ

ನಮ್ಮ ಮನೆಯಲ್ಲಿ ಬೆಕ್ಕು ಸಾಕುವುದು ಮುದ್ದಿಗಲ್ಲ, ಕೊಬ್ಬರಿಗೆ. ಹೀಗೆಂದರೆ ಪೇಟೆಯ ಮಕ್ಕಳಿಗೆ ನಗು ಬರಬಹುದು. ‘ತಾತ, ಬೆಕ್ಕು ಕೊಬ್ಬರಿ ತಿನ್ನತ್ತಾ?’ ಎಂದು ನನ್ನ ಮೊಮ್ಮಗಳೇ ಒಮ್ಮೆ ಕೇಳಿದ್ದಳು. ತಿನ್ನುವುದಿಲ್ಲ, ಕಾಯುತ್ತದೆ.

ನಮ್ಮೂರು ಬಾಗೂರು, ಚನ್ನರಾಯಪಟ್ಟಣ ತಾಲ್ಲೂಕಿನದು. ಪತ್ರಿಕೆ ಓದುವವರಿಗೆ ‘ಬಾಗೂರು–ನವಿಲೆ ಸುರಂಗ’ ಎಂಬ ಹೆಸರಿನಲ್ಲಿ ಪರಿಚಯವಿದ್ದೀತು. ಹೇಮಾವತಿಯ ನೀರು ತುಮಕೂರಿನ ಕಡೆಗೆ ಹೋಗುವುದು ಅದರೊಳಗಿಂದಲೇ. ಇಲ್ಲಿ ತೆಂಗಿನ ತೋಟವಿದ್ದವರ ಮನೆಯಲ್ಲಿ ಅಟ್ಟ ಇದ್ದೇ ಇರುತ್ತದೆ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ಎಳನೀರೆಲ್ಲ ಇಂಗಿ, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಏರಿತೆಂದರೆ ನಮ್ಮೂರಿನ ಮದುವೆಗಳು ಜೋರು. ಆದರೆ ಈ ಹತ್ತು ತಿಂಗಳೂ ಇಲಿ ಹೆಗ್ಗಣಗಳಿಗೆ ಅಟ್ಟವೇ ಛತ್ರ. ಒಂದು ಕಾಯಿಗೆ ತೂತು ಬಿದ್ದರೆ ಅದು ಕೊಬ್ಬರಿಯೂ ಅಲ್ಲ, ಕಾಯಿಯೂ ಅಲ್ಲ. ಹಾಗಾಗಿ ನನ್ನ ಅಜ್ಜಿಯ ಕಾಲದಿಂದಲೂ ಮನೆಯಲ್ಲಿ ಕೊತ್ತಿ ಇದೆ. ಅಜ್ಜಿ ಬೆಕ್ಕು ಅನ್ನುತ್ತಿರಲಿಲ್ಲ, ಕೊತ್ತಿ ಎಂದೇ ಕರೆಯುತ್ತಿದ್ದಳು.

ಈಗಿರುವುದು ಅಕ್ಕ ತಂಗಿ ಎರಡು. ಒಂದೇ ಸೂಲಿನ ಮರಿಗಳು, ನಾಲ್ಕು ವರ್ಷದವು. ಬೂದಿ ಬಣ್ಣದ್ದು ಬೂದಿ, ಕೆಂಪು ಬಣ್ಣದ್ದು ಕೆಂಪಿ. ಕೆಂಪು ಬೆಕ್ಕುಗಳಲ್ಲಿ ಗಂಡೇ ಹೆಚ್ಚು, ಹೆಣ್ಣು ಕಡಿಮೆ. ಆ ಲೆಕ್ಕದಲ್ಲಿ ನಮ್ಮ ಕೆಂಪಿ ಸ್ವಲ್ಪ ವಿಶೇಷದವಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಅನ್ನ ಹಾಲು ತಿಂದು, ಒಂದೇ ಗೋಣಿಚೀಲದ ಮೇಲೆ ಸುರುಳಿ ಸುತ್ತಿ ಮಲಗುವವರು. ಯಾವ ಬಾಲ ಯಾರದೆಂದು ಎಣಿಸಬೇಕಾಗುತ್ತಿತ್ತು.

ಹೋದ ವರ್ಷ ದಸರಾಕ್ಕೆ ಸ್ವಲ್ಪ ಮುಂಚೆ, ನಾಲೆಯ ಕಡೆಯಿಂದ ಒಂದು ಮಾಳ ಬೆಕ್ಕು ಬರತೊಡಗಿತು. ಹರಿದ ಕಿವಿ, ಗಡಿಗೆಯಂಥ ತಲೆ. ರಾತ್ರಿ ಹಿತ್ತಿಲಲ್ಲಿ ಜಗಳ. ಎರಡು ದಿನದಲ್ಲಿ ಕೆಂಪಿಯ ಹಿಂಗಾಲು ಬಾತುಕೊಂಡಿತು. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಮೇಲೆ ಚಿಕ್ಕ ತೂತು ಕಾಣುತ್ತದೆ, ಅದು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಮಗಳು ಅಳಿಯ ಹಾಸನದಲ್ಲಿದ್ದಾರೆ. ಅಳಿಯ ಬಂದು ಕೆಂಪಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋದರು. ಅಲ್ಲಿಯ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಗಾಯ ಸೀಳಿ ಕೀವು ತೆಗೆದರು. ಐದು ದಿನ ಇಂಜೆಕ್ಷನ್, ಡ್ರೆಸ್ಸಿಂಗ್. ಆ ಐದು ದಿನವೂ ಕೆಂಪಿ ಮಗಳ ಮನೆಯಲ್ಲೇ ಇದ್ದಳು.

ದಸರಾ ರಜೆ ಶುರುವಾದ ದಿನ ಏಳನೇ ತರಗತಿಯ ಮೊಮ್ಮಗಳೂ ಕೆಂಪಿಯೂ ಒಟ್ಟಿಗೆ ಬಂದಿಳಿದರು. ಈ ಸಲ ರಟ್ಟಿನ ಪೆಟ್ಟಿಗೆ ಇರಲಿಲ್ಲ. ಮುಂದೆ ಜಾಲರಿ ಬಾಗಿಲು, ಮೇಲೆ ಹಿಡಿ ಇರುವ ಪ್ಲಾಸ್ಟಿಕ್ ಬುಟ್ಟಿ. ಮಗಳ ಮನೆಯ ಮಹಡಿಯಲ್ಲಿರುವವರು ಒಂದು ಬಿಳಿ ಬೆಕ್ಕು ಸಾಕಿದ್ದಾರಂತೆ. ಸುಲ್ತಾನ ಎಂದು ಹೆಸರು. ಅವನ ಬುಟ್ಟಿಯನ್ನು ಕೇಳಿ ತಂದಿದ್ದರು.

ಪಡಸಾಲೆಯಲ್ಲಿ ಬುಟ್ಟಿ ಇಟ್ಟು ಬಾಗಿಲು ತೆಗೆದೆ. ಬೂದಿ ಅಟ್ಟದ ಏಣಿಯಿಂದ ಓಡಿ ಇಳಿದು ಬಂತು. ಐದು ದಿನದಿಂದ ಅದೂ ಸರಿಯಾಗಿ ಉಂಡಿರಲಿಲ್ಲ, ಮೂಲೆ ಮೂಲೆ ಹುಡುಕುತ್ತಿತ್ತು. ಈಗ ಅಕ್ಕ ತಂಗಿ ತಬ್ಬಿಕೊಳ್ಳುವುದನ್ನು ನೋಡೋಣ ಎಂದು ನಾವು ಮೂವರೂ ನಿಂತಿದ್ದೆವು. ಕೆಂಪಿ ಮೆಲ್ಲಗೆ ಹೊರಗೆ ಬಂದು ಮೂತಿ ಮುಂದೆ ಚಾಚಿದಳು. ಬೂದಿ ಮೂಸಿತು. ಕಿವಿ ಹಿಂದಕ್ಕೆ ಮಡಚಿತು. ಬಾಲ ಶೀಗೆಪೊದೆಯ ಹಾಗೆ ಉಬ್ಬಿತು. ‘ಹಿಸ್ಸ್’ ಎಂದು ಉಗುಳಿ, ಮುಖಕ್ಕೆ ಫಟ್ಟೆಂದು ಬಾರಿಸಿಯೇ ಬಿಟ್ಟಿತು.

ನಾನು ಅಡ್ಡ ಹೋದೆ, ಮೊಣಕೈವರೆಗೆ ಪರಚಿಸಿಕೊಂಡೆ. ಮಕ್ಕಳೇ, ಇದೊಂದು ಮಾತು ನೆನಪಿಡಿ. ಜಗಳವಾಡುವ ಬೆಕ್ಕುಗಳ ನಡುವೆ ಕೈ ಹಾಕಬೇಡಿ. ಬೆಕ್ಕು ಕಚ್ಚಿದರೂ ಪರಚಿ ರಕ್ತ ಬಂದರೂ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ದೊಡ್ಡವರಿಗೆ ಹೇಳಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗ ಎನ್ನುತ್ತೇವಲ್ಲ, ಅದು ಬೆಕ್ಕಿನಿಂದಲೂ ಬರಬಹುದು. ನಾನೂ ಲಸಿಕೆ ಹಾಕಿಸಿಕೊಂಡೆ.

ಕೆಂಪಿ ಏಣಿ ಹತ್ತಿ ಅಟ್ಟ ಸೇರಿದಳು. ಬೂದಿ ಬಿಡಲಿಲ್ಲ, ಅಟ್ಟಿಸಿಕೊಂಡು ಹೋಯಿತು. ಮೇಲೆ ಕಾಯಿಗಳು ಉರುಳುವ ಸದ್ದು. ಆ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ.

ಮರುದಿನ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ‘ಆಸ್ಪತ್ರೆ ಔಷಧಿ ವಾಸನೆ ಕಣೇ, ತೊಳೆದರೆ ಹೋಗುತ್ತೆ’ ಎಂದು ಮನೆಯವಳಿಗೆ ಹೇಳಿ, ಕೆಂಪಿಯ ಗಾಯಕ್ಕೆ ಪ್ಲಾಸ್ಟಿಕ್ ಕಟ್ಟಿ, ಬಚ್ಚಲಿನಲ್ಲಿ ಸೋಪು ಹಾಕಿ ಸ್ನಾನ ಮಾಡಿಸಿದೆ. ಮಲ್ಲಿಗೆ ವಾಸನೆಯ ಸೋಪು. ಒರೆಸಿ ಹೊರಗೆ ಬಿಟ್ಟರೆ ಬೂದಿ ನಿನ್ನೆಗಿಂತ ಹತ್ತು ಪಾಲು ಸಿಟ್ಟಿನಿಂದ ಹಾರಿತು. ಕೆಂಪಿ ಒದ್ದೆ ಮೈಯಲ್ಲೇ ಹಿತ್ತಿಲಿಗೆ ಓಡಿ ಸೌದೆ ರಾಶಿಯೊಳಗೆ ಸೇರಿಕೊಂಡಳು. ಸಂಜೆಯವರೆಗೂ ಈಚೆ ಬರಲಿಲ್ಲ. ಗಾಯ ಮಾಗುತ್ತಿರುವ ಪ್ರಾಣಿ, ಅನ್ನವಿಲ್ಲ, ನೀರಿಲ್ಲ.

ಮೂರನೇ ದಿನವೂ ಹಾಗೇ ಆದಾಗ ನಾನು ಒಂದು ತೀರ್ಮಾನಕ್ಕೆ ಬಂದೆ. ಈಗ ಬರೆಯಲು ನಾಚಿಕೆಯಾಗುತ್ತದೆ. ನುಗ್ಗೇಹಳ್ಳಿ ಕಡೆ ನನ್ನ ಭಾವಮೈದನ ತೋಟವಿದೆ. ಕೆಂಪಿಯನ್ನು ಅಲ್ಲಿ ಬಿಟ್ಟು ಬರುವುದು ಎಂದುಕೊಂಡೆ. ‘ಅವಕ್ಕೆ ಪರಸ್ಪರ ದ್ವೇಷ ಹುಟ್ಟಿದೆ. ಒಂದು ಮನೆಯಲ್ಲಿ ಇನ್ನು ಬಾಳುವೆ ಮಾಡಲ್ಲ’ ಎಂದೆ.

‘ರೀ, ಗಾಯ ಆಗಿರೋದು ಅವಳಿಗೆ. ಮನೆ ಬಿಡಬೇಕಾದವಳೂ ಅವಳೇನಾ?’ ಎಂದಳು ನನ್ನವಳು.

ಉತ್ತರ ಇರಲಿಲ್ಲ. ಆದರೂ ಗೋಣಿಚೀಲ ಕೊಡವಿ ಇಟ್ಟೆ. ನನ್ನ ಓರಗೆಯವರಿಗೆ ಗೋಣಿಚೀಲ ಎಂದರೆ ಗೊತ್ತು. ನಾವು ಚಿಕ್ಕವರಿದ್ದಾಗ ಬೇಡವಾದ ಕೊತ್ತಿಯನ್ನು ಚೀಲದೊಳಗೆ ಹಾಕಿ, ದಾರಿ ಗೊತ್ತಾಗದಿರಲೆಂದು ಬಾಯಿ ಕಟ್ಟಿ, ಕೆರೆಯಾಚೆ ಬಿಟ್ಟು ಬರುತ್ತಿದ್ದರು. ಮೂರ್ನಾಲ್ಕು ದಿನಕ್ಕೆ ಕೆಲವು ವಾಪಸು ಬಂದು ಹೊಸಿಲ ಮೇಲೆ ಕೂತಿರುತ್ತಿದ್ದವು. ಕೆಲವು ಬರುತ್ತಿರಲಿಲ್ಲ.

ಅವತ್ತು ಸಂಜೆ ಮೊಮ್ಮಗಳು ಪಡಸಾಲೆಯಿಂದ ಪಿಸುಮಾತಿನಲ್ಲಿ ಕರೆದಳು. ‘ತಾತ, ಬೇಗ ಬಾ. ಸದ್ದು ಮಾಡಬೇಡ.’

ಮೂಲೆಯಲ್ಲಿ ಆ ಪ್ಲಾಸ್ಟಿಕ್ ಬುಟ್ಟಿ ಇತ್ತು. ಖಾಲಿ. ಕೆಂಪಿ ಹಿತ್ತಿಲಿನಲ್ಲಿದ್ದಳು. ಬೂದಿ ಬುಟ್ಟಿಯ ಮುಂದೆ ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ, ಒಂದೊಂದೇ ಹೆಜ್ಜೆ ಇಡುತ್ತಾ ಬಾಗಿಲ ಅಂಚನ್ನು ಮೂಸುತ್ತಿತ್ತು. ಮೂಸಿ, ಬಾಯಿ ಅರ್ಧ ತೆರೆದು, ಮೇಲಿನ ತುಟಿ ಎತ್ತಿ, ಕಣ್ಣು ಕಿರಿದು ಮಾಡಿ, ಏನೋ ಕಹಿ ತಿಂದವರಂತೆ ಸುಮ್ಮನೆ ನಿಂತಿತು. ಆಮೇಲೆ ಹಿಂದಕ್ಕೆ ಜಿಗಿದು ಖಾಲಿ ಬುಟ್ಟಿಗೆ ‘ಹಿಸ್ಸ್’ ಎಂದಿತು.

‘ತಾತ, ಒಳಗೆ ಯಾರೂ ಇಲ್ಲ. ಇದು ಯಾರನ್ನ ಬೈತಿದೆ?’

ಮೂರು ದಿನ ನಾವಿಬ್ಬರು ಮುದುಕರು ತಲೆ ಕೆಡಿಸಿಕೊಂಡರೂ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಬೂದಿ ಬೈಯುತ್ತಿದ್ದುದು ಕೆಂಪಿಯನ್ನಲ್ಲ, ಸುಲ್ತಾನನನ್ನು. ಹಾಸನದಲ್ಲಿ ಮಹಡಿಯ ಮೇಲೆ ಆರಾಮವಾಗಿ ಮಲಗಿರುವ, ಇದುವರೆಗೂ ಕಣ್ಣಿಗೇ ಬೀಳದ ಸುಲ್ತಾನನನ್ನು! ಅವನ ವಾಸನೆಯ ಬುಟ್ಟಿಯಲ್ಲಿ ಕೂತು ಬಂದ ಕೆಂಪಿಯ ಮೈಯೆಲ್ಲ ಸುಲ್ತಾನನೇ ಆಗಿದ್ದ.

ಹಾಸನದಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದ ಡಾಕ್ಟರಮ್ಮನಿಗೆ ಮಗಳ ಮೂಲಕ ಫೋನ್ ಮಾಡಿದೆ. ಸ್ನಾನ ಮಾಡಿಸಿದ ಸಂಗತಿ ಹೇಳಿದಾಗ ಚೆನ್ನಾಗಿಯೇ ಬೈಸಿಕೊಂಡೆ. ಗಾಯಕ್ಕೆ ನೀರು ತಾಗಿಸಿದ್ದು ಒಂದು ತಪ್ಪು. ಸುಲ್ತಾನನ ಬುಟ್ಟಿ, ಆಸ್ಪತ್ರೆಯ ಮೇಜು, ಅಲ್ಲಿಗೆ ಬಂದ ಹತ್ತಾರು ನಾಯಿ ಬೆಕ್ಕುಗಳು, ಇಷ್ಟೆಲ್ಲದರ ಅಡಿಯಲ್ಲಿ ನಮ್ಮ ಮನೆಯ ವಾಸನೆ ಅಷ್ಟೋ ಇಷ್ಟೋ ಉಳಿದಿತ್ತಲ್ಲ, ಅದನ್ನೂ ಮಲ್ಲಿಗೆ ಸೋಪಿನಿಂದ ತೊಳೆದು ಹಾಕಿದ್ದು ಎರಡನೇ ತಪ್ಪು. ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿಕೊಂಡದ್ದನ್ನೂ ಇಲ್ಲಿ ಸ್ವಲ್ಪ ಹೇಳುತ್ತೇನೆ.

ಬೆಕ್ಕಿಗೆ ಕಣ್ಣಿದೆ, ಕಿವಿಯಂತೂ ನಮಗಿಂತ ಎಷ್ಟೋ ಚುರುಕು. ಆದರೆ ಇವರು ನಮ್ಮವರೋ ಹೊರಗಿನವರೋ ಎಂಬ ಕೊನೆಯ ತೀರ್ಪು ಮೂಗಿನದು. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಅಂಗಾಲು, ಇಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ನಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಬೆಕ್ಕು ಬಂದು ನಿಮ್ಮ ಕಾಲಿಗೆ ಕೆನ್ನೆ ಉಜ್ಜಿದರೆ ಮುದ್ದು ಮಾಡುತ್ತಿದೆ ಅಂದುಕೊಳ್ಳುತ್ತೀರಿ. ಮುದ್ದೂ ಹೌದು, ಮೊಹರು ಹಾಕುವುದೂ ಹೌದು. ಕಂಬಕ್ಕೆ, ಬಾಗಿಲ ಚೌಕಟ್ಟಿಗೆ, ನನ್ನ ಪಂಚೆಗೆ, ಒಂದಕ್ಕೊಂದಕ್ಕೆ ದಿನವೂ ಉಜ್ಜಿ ಉಜ್ಜಿ ಒಂದು ಮನೆಯ ಬೆಕ್ಕುಗಳಿಗೆಲ್ಲ ಸೇರಿ ಒಂದೇ ವಾಸನೆ ಆಗಿರುತ್ತದೆ. ನಮ್ಮ ಕೆಂಪಿ ಬೂದಿಯರ ಆ ವಾಸನೆಯಲ್ಲಿ ಅಟ್ಟದ ಕೊಬ್ಬರಿ, ಧೂಳು, ಹಂಡೆ ಒಲೆಯ ಹೊಗೆ ಎಲ್ಲವೂ ಕಲೆತಿರಬೇಕು. ಐದು ದಿನ ದೂರ ಇದ್ದು, ಬೇರೆ ಬೆಕ್ಕಿನ ವಾಸನೆ ಹೊತ್ತು ಬಂದರೆ ಆ ಮೊಹರು ಅಳಿಸಿಹೋಯಿತು.

ಬೂದಿ ಬಾಯಿ ತೆರೆದು ನಿಂತದ್ದಕ್ಕೂ ಅರ್ಥವಿದೆ. ದನ ಸಾಕಿದವರು ಇದನ್ನು ನೋಡಿರುತ್ತೀರಿ. ಹೋರಿ ಹಸುವಿನ ಗಂಜಲ ಮೂಸಿ, ತಲೆ ಮೇಲೆತ್ತಿ, ತುಟಿ ಮಡಚಿ ನಿಲ್ಲುವುದಿಲ್ಲವೇ? ಅದೇ ಇದು. ಬೆಕ್ಕಿನ ಮೇಲಿನ ಮುಂಹಲ್ಲುಗಳ ಹಿಂದೆ, ಅಂಗುಳಿನಲ್ಲಿ, ಎರಡು ಸಣ್ಣ ರಂಧ್ರಗಳಿವೆ. ಅವು ಮೂಗಿನ ತಳದಲ್ಲಿರುವ ಒಂದು ಅಂಗಕ್ಕೆ ದಾರಿ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ ಎಂಬ ವೈದ್ಯ 1813ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಜೇಕಬ್ಸನ್ ಅಂಗ ಎಂದೇ ಹೆಸರು. ಸಾಮಾನ್ಯ ವಾಸನೆಗೆ ಮೂಗು ಸಾಕು. ಇನ್ನೊಂದು ಪ್ರಾಣಿ ಬಿಟ್ಟುಹೋದ ಗುರುತನ್ನು ಓದಲು ಈ ಎರಡನೆಯ ಮೂಗು. ಬೂದಿ ಅವತ್ತು ಸುಲ್ತಾನನ ಜಾತಕವನ್ನೇ ಓದಿರಬೇಕು. ಗಂಡೋ ಹೆಣ್ಣೋ, ಇಲ್ಲಿಗೆ ಬಂದು ಎಷ್ಟು ಹೊತ್ತಾಯಿತು, ಇಂಥ ಸಂಗತಿಗಳೆಲ್ಲ ವಾಸನೆಯಲ್ಲಿ ಇರುತ್ತವಂತೆ.

ಗಂಡು ಬೆಕ್ಕು ಗೋಡೆಗೆ ಉಚ್ಚೆ ಸಿಡಿಸಿ ಹೋದರೆ ಮನೆಯವರು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಆ ಘಾಟಿಗೂ ಒಂದು ಲೆಕ್ಕಾಚಾರವಿದೆ. ಬೆಕ್ಕಿನ ಮೂತ್ರದಲ್ಲಿ ‘ಫೆಲಿನೈನ್’ ಎಂಬ ಅಮೈನೊ ಆಮ್ಲವಿರುತ್ತದೆ. ಹೆಸರೇ ಬೆಕ್ಕಿನಿಂದ ಬಂದದ್ದು. ಬೀಜ ಒಡೆಯದ ಗಂಡಿನಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಮೂತ್ರ ಹೊರಬಿದ್ದ ಮೇಲೆ ಫೆಲಿನೈನ್ ನಿಧಾನವಾಗಿ ಒಡೆಯುತ್ತಾ ಗಂಧಕ ಬೆರೆತ ಘಾಟು ಹೊರಡುತ್ತದೆ. ಫೆಲಿನೈನ್ ತಯಾರಾಗಲು ಬೆಕ್ಕಿನ ಮೂತ್ರಪಿಂಡದ ‘ಕಾಕ್ಸಿನ್’ ಎಂಬ ಪ್ರೋಟೀನು ಕಾರಣವೆಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ನಾಲೆಯ ಕಡೆಯ ಆ ಮಾಳ ಬೆಕ್ಕು ನಮ್ಮ ಹಿತ್ತಿಲ ಗೋಡೆಗೆ ಬರೆದು ಹೋಗುತ್ತಿದ್ದುದು ಇದೇ ಶಾಯಿಯಿಂದ.

ಮನುಷ್ಯರ ವಾಸನೆಯ ಮಾತೂ ಹೀಗೇ. ಟೋಕಿಯೊ ಕೃಷಿ ವಿಶ್ವವಿದ್ಯಾಲಯದವರು 30 ಬೆಕ್ಕುಗಳ ಮುಂದೆ ಯಜಮಾನರ ಮೈವಾಸನೆಯ ಹತ್ತಿ, ಅಪರಿಚಿತರ ಮೈವಾಸನೆಯ ಹತ್ತಿ, ಏನೂ ಇಲ್ಲದ ಹತ್ತಿ ಇಟ್ಟು ನೋಡಿದರು. 2025ರಲ್ಲಿ ಪ್ರಕಟವಾದ ಅಧ್ಯಯನ. ಬೆಕ್ಕುಗಳು ಹೆಚ್ಚು ಹೊತ್ತು ಮೂಸಿದ್ದು ಅಪರಿಚಿತರದ್ದನ್ನು. ನಮ್ಮ ಮನೆಗೆ ಅಂಚೆಯವರು ಬಂದಾಗಲೆಲ್ಲ ಬೂದಿ ಅವರ ಚಪ್ಪಲಿಯ ಮುಂದೆ ಧ್ಯಾನಕ್ಕೆ ಕೂರುವುದೇಕೆಂದು ಈಗ ಗೊತ್ತಾಯಿತು.

ಇಷ್ಟೆಲ್ಲವನ್ನೂ ಮೊಮ್ಮಗಳಿಗೆ ವಿವರಿಸುವಾಗ ನನಗೆ ಸುಲಭವಾಗಿ ಸಿಕ್ಕ ಹೋಲಿಕೆ ಬ್ಯಾಂಕಿನದು. ‘ನೋಡಮ್ಮ, ನಾನು ಕೌಂಟರಿನಲ್ಲಿದ್ದಾಗ ಹಣ ತೆಗೆಯಲು ಬಂದವರ ಮುಖ ನೋಡುತ್ತಿರಲಿಲ್ಲ. ಫಾರಂ ಮೇಲಿನ ಸಹಿಯನ್ನೂ, ನಮ್ಮ ಡಬ್ಬದಲ್ಲಿರುವ ಮಾದರಿ ಸಹಿಯ ಕಾರ್ಡನ್ನೂ ತಾಳೆ ನೋಡುತ್ತಿದ್ದೆ. ತಾಳೆಯಾದರೆ ಹಣ. ಇಲ್ಲದಿದ್ದರೆ ವಾಪಸು. ಬೂದಿ ಮಾಡಿದ್ದೂ ಅಷ್ಟೇ. ಮುಖ ಕೆಂಪಿಯದೇ, ಸಹಿ ಸುಲ್ತಾನನದು.’

ಅವಳು ನಕ್ಕಳು. ಆಮೇಲೆ ಮಕ್ಕಳು ಕೇಳುವ ಹಾಗೆ ಕೇಳಿದಳು. ‘ಗೊತ್ತಿರೋರೇ ಬಂದು ಸಹಿ ಸರಿ ಇಲ್ಲದಿದ್ರೆ?’

ನಾನು ಆ ಪ್ರಶ್ನೆಗೆ ಸಿದ್ಧನಿರಲಿಲ್ಲ.

ನಾನು ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ನಮ್ಮ ಜಿಲ್ಲೆಯದೇ ಒಂದು ಚಿಕ್ಕ ಊರಿನ ಶಾಖೆ. ಒಂದು ಮಧ್ಯಾಹ್ನ ನಮ್ಮೂರಿನ, ನಮ್ಮ ಬೀದಿಯದೇ ಒಬ್ಬ ಅಜ್ಜಿ ಬಂದರು. ಮಗ ಆ ಊರಿನಲ್ಲಿದ್ದ ಕಾಲದಲ್ಲಿ ತೆರೆಸಿದ್ದ ಖಾತೆ. ನಾನು ಚಿಕ್ಕವನಾಗಿದ್ದಾಗ ಅವರ ಮನೆಯ ಮುಂದೆ ಹಾದುಹೋದರೆ ಕೂಗಿ ಕರೆದು ಕೈಗೆ ಕೊಬ್ಬರಿ ಬೆಲ್ಲ ಇಡುತ್ತಿದ್ದವರು. ರಾತ್ರಿ ಶಾಲೆಯಲ್ಲಿ ಕಲಿತು ಸಹಿ ಮಾಡುತ್ತಿದ್ದರು. ಹೆಬ್ಬೆಟ್ಟು ಒತ್ತುವುದಿಲ್ಲ ಎಂಬ ಹೆಮ್ಮೆ ಅವರದು. ಆ ವರ್ಷ ಜ್ವರದಲ್ಲಿ ಮಲಗಿ ಎದ್ದಿದ್ದರು. ಕೈ ನಡುಗುತ್ತಿತ್ತು. 300 ರೂಪಾಯಿಯ ಫಾರಂ ಮೇಲಿನ ಸಹಿ ಕಾರ್ಡಿನ ಸಹಿಯಂತೆ ಇರಲಿಲ್ಲ. ಅಕ್ಷರಗಳು ಕಾಲು ಮುರಿದ ಇರುವೆಗಳಂತೆ ಚದುರಿದ್ದವು.

ಎರಡು ವಾರದ ಹಿಂದೆ ಇನ್ನೊಂದು ಸಹಿಯ ವಿಷಯದಲ್ಲಿ ನನಗೆ ಮೇಲಿನವರಿಂದ ಮೆಮೊ ಬಂದಿತ್ತು. ನಾನು ಹೆದರಿದ್ದೆ. ‘ಸಹಿ ತಾಳೆಯಾಗ್ತಿಲ್ಲ ಅಜ್ಜಿ’ ಎಂದು ಫಾರಂ ವಾಪಸು ತಳ್ಳಿದೆ. ಇನ್ನೊಂದು ಹಾಕಿದರು. ಅದೂ ತಾಳೆಯಾಗಲಿಲ್ಲ. ಹಿಂದೆ ಸಾಲು ಇತ್ತು. ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡಬಹುದಿತ್ತು, ಅದಕ್ಕೆ ನಿಯಮವೇ ಇತ್ತು. ನಾನೇ ಒಬ್ಬ ಸಾಕ್ಷಿಯಾಗುತ್ತೇನೆ ಎಂದು ಎದ್ದು ಮ್ಯಾನೇಜರ್ ಹತ್ತಿರ ಹೋಗಬಹುದಿತ್ತು. ಏಳಲಿಲ್ಲ.

‘ನೀನು ನಮ್ಮ ಬೀದಿ ಹುಡುಗ ಅಲ್ವೇನಪ್ಪ? ನಾನು ನಿನ್ನ ಗುರುತು ಹಿಡಿದೆ ಕಣಪ್ಪ’ ಎಂದರು ಅಜ್ಜಿ. ನಾನು ತಲೆ ಎತ್ತದೆ ‘ಮುಂದಿನವರು ಬನ್ನಿ’ ಎಂದೆ. ಅವರು ಬಸ್ಸಿನ ದುಡ್ಡು ಖರ್ಚು ಮಾಡಿಕೊಂಡು ಬರಿಗೈಯಲ್ಲಿ ಊರಿಗೆ ಹೋದರು.

ಭಾನುವಾರ ನಾನು ಊರಿಗೆ ಹೋದಾಗ ಫಾರಂ ತೆಗೆದುಕೊಂಡು ಹೋಗಿ, ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿ ಹಾಕಿಸಿ, ಮರುವಾರ ಹಣ ತಲುಪಿಸಿದೆ. ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡರು. ಒಂದು ಮಾತೂ ಆಡಲಿಲ್ಲ, ಜಗಳವಾಡಲಿಲ್ಲ. ಆದರೆ ಅಲ್ಲಿಂದ ಮುಂದೆ ಬದುಕಿರುವವರೆಗೂ ನನ್ನನ್ನು ‘ಬಾರೋ ಮಗ’ ಎಂದು ಕರೆಯಲಿಲ್ಲ. ಎದುರು ಸಿಕ್ಕರೆ ಪಕ್ಕಕ್ಕೆ ಸರಿದು ‘ಬ್ಯಾಂಕಿನೋರು ಬಂದ್ರು’ ಎನ್ನುತ್ತಿದ್ದರು.

ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೂದಿಗೆ ಗೊತ್ತಾಗಲಿಲ್ಲ ತಾತ. ನಿನಗೆ ಗೊತ್ತಿತ್ತಲ್ಲ’ ಎಂದಳು. ಗದರುವ ದನಿ ಅಲ್ಲ. ಲೆಕ್ಕ ಸರಿ ಮಾಡಿ ಹೇಳಿದ ಹಾಗೆ ಇತ್ತು. ನಾನು ಎದ್ದು ಹೋಗಿ ಗೋಣಿಚೀಲವನ್ನು ಮಡಚಿ ಅಟ್ಟದ ಮೇಲೆ ಎಸೆದೆ.

ಇನ್ನು ಡಾಕ್ಟರಮ್ಮ ಹೇಳಿದ ಉಪಾಯ. ಸೌದೆ ರಾಶಿಯಿಂದ ಕೆಂಪಿಯನ್ನು ಮೀನಿನ ಆಸೆ ತೋರಿಸಿ ಕರೆತಂದು, ನಡುಮನೆಯ ಪಕ್ಕದ ಕೋಣೆಯಲ್ಲಿ ಇರಿಸಿ ಬಾಗಿಲು ಹಾಕಿದೆವು. ನೀರು, ಅನ್ನ, ಮರಳಿನ ತಟ್ಟೆ ಒಳಗೇ. ಮೊದಲ ಎರಡು ದಿನ ಏನೂ ಮಾಡಲಿಲ್ಲ. ಹೊಸ ಬೆಕ್ಕನ್ನು ಮನೆಗೆ ತಂದರೆ ಹೇಗೋ ಹಾಗೆಯೇ ಶುರುವಿನಿಂದ ಪರಿಚಯ ಮಾಡಿಸಬೇಕು, ಅವಸರ ಕೂಡದು ಎಂದಿದ್ದರು.

ಮೂರನೆಯ ದಿನ ನನ್ನ ಹಳೆಯ ಪಂಚೆಯನ್ನು ಹರಿದು ಎರಡು ತುಂಡು ಮಾಡಿದೆವು. ಒಂದು ತುಂಡಿನಿಂದ ಬೂದಿಯ ಕೆನ್ನೆ, ಗಲ್ಲ ಉಜ್ಜಿ ಅದನ್ನು ಕೆಂಪಿಯ ಊಟದ ತಟ್ಟೆಯ ಅಡಿಗೆ ಹಾಸುವುದು. ಕೆಂಪಿಯ ಕೆನ್ನೆ ಉಜ್ಜಿದ ತುಂಡು ಬೂದಿಯ ತಟ್ಟೆಯ ಅಡಿಗೆ. ಮೊಮ್ಮಗಳದೇ ಆ ಉಸ್ತುವಾರಿ. ಬೂದಿ ಮೊದಲ ಸಲ ಬಟ್ಟೆ ಮೂಸಿ ಗುರ್ ಎಂದು ತಟ್ಟೆ ಬಿಟ್ಟು ಹೋಯಿತು. ಬಲವಂತ ಮಾಡಲಿಲ್ಲ, ಬಟ್ಟೆಯನ್ನು ತಟ್ಟೆಯಿಂದ ಒಂದು ಮೊಳ ದೂರ ಇಟ್ಟೆವು. ಹೊತ್ತು ಹೊತ್ತಿಗೂ ನಾಲ್ಕು ಬೆರಳಿನಷ್ಟು ಹತ್ತಿರ. ಹೊಟ್ಟೆ ತುಂಬುವ ಖುಷಿಯೂ ಆ ವಾಸನೆಯೂ ಜೊತೆಗೇ ಬರಬೇಕು, ಅದು ಇದರ ಗುಟ್ಟು. ಐದನೆಯ ದಿನಕ್ಕೆ ಬಟ್ಟೆಯ ಮೇಲೆಯೇ ನಿಂತು ಉಂಡಿತು. ಆಮೇಲೆ ಇಬ್ಬರ ತಟ್ಟೆಗಳನ್ನೂ ಮುಚ್ಚಿದ ಬಾಗಿಲಿನ ಎರಡು ಬದಿಗೆ ತಂದೆವು. ಬಾಗಿಲ ಕೆಳಗಿನ ಸಂದಿಯಿಂದ ಒಂದು ಕೆಂಪು ಕೈ ಹೊರಗೆ ಬಂತು. ಬೂದಿ ಅದನ್ನು ನೋಡಿತು, ಹೊಡೆಯಲಿಲ್ಲ.

ಈ ನಡುವೆ ನಾನು ಇನ್ನೊಂದು ಪ್ರಯೋಗ ಮಾಡಿದೆ. ಹಿತ್ತಿಲಲ್ಲಿ ಕುಪ್ಪಿಗಿಡ ತಾನಾಗಿ ಬೆಳೆಯುತ್ತದೆ, ಅಜ್ಜಿಯರಿಗೆ ಗೊತ್ತಿರುತ್ತದೆ. ಅದರ ಬೇರು ಕಿತ್ತರೆ ಬೆಕ್ಕುಗಳಿಗೆ ಅಮಲು. ಎಲ್ಲಿದ್ದರೂ ಓಡಿ ಬಂದು, ಬೇರನ್ನು ನೆಕ್ಕಿ, ಕೆನ್ನೆ ಉಜ್ಜಿ, ಹೊರಳಾಡುತ್ತವೆ. ಬಾಗಿಲಿನ ಎರಡೂ ಬದಿಗೆ ಒಂದೊಂದು ಬೇರು ಹಾಕಿದೆ. ಇಬ್ಬರೂ ಚಕ್ಕಂದವಾಡಿ ಹೊರಳಿದವು. ಗೆದ್ದೆ ಎಂದು ಬಾಗಿಲು ಒಂದಿಷ್ಟು ತೆರೆದೆ. ಅಮಲು ಇಳಿದದ್ದೇ ಬೂದಿ ಮತ್ತೆ ‘ಹಿಸ್ಸ್’! ಮೊಮ್ಮಗಳು ನನ್ನನ್ನು ದುರುಗುಟ್ಟಿ ನೋಡಿ ಬಾಗಿಲು ಹಾಕಿದಳು. ಒಂದು ದಿನದ ಶ್ರಮ ವ್ಯರ್ಥ. ಡಾಕ್ಟರಮ್ಮನಿಗೆ ಇದನ್ನು ತಿಳಿಸಲಿಲ್ಲ.

ಹತ್ತನೆಯ ದಿನ ಬಾಗಿಲಿಗೆ ಸೊಳ್ಳೆ ಪರದೆ ಕಟ್ಟಿ, ಒಬ್ಬರಿಗೊಬ್ಬರು ಕಾಣುವಂತೆ ಊಟ. ಕೆಂಪಿಯ ಕೂದಲಿನಿಂದ ಸೋಪಿನ ವಾಸನೆ ನಮ್ಮ ಮೂಗಿಗೂ ಬರುತ್ತಿರಲಿಲ್ಲ. ಕೋಣೆಯಲ್ಲಿದ್ದ ಕೊಬ್ಬರಿ ಚೀಲಗಳ ಮೇಲೆಯೇ ಅವಳು ಮಲಗುತ್ತಿದ್ದಳು. ನನ್ನವಳು ಬೇಕೆಂದೇ ಆ ಕೋಣೆ ಆರಿಸಿದ್ದಳಂತೆ, ನನಗೆ ಆಮೇಲೆ ಹೇಳಿದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಪರದೆ ಬಿಚ್ಚಿದೆವು. ಕೆಂಪಿ ಹೊಸಿಲ ಮೇಲೆ ಕೂತಳು. ಬೂದಿ ಒಲೆಯ ಕಡೆಯಿಂದ ಬಂತು. ಮೂತಿಗೆ ಮೂತಿ ತಾಗಿಸಿತು. ಕೆನ್ನೆ ಮೂಸಿತು. ಬಾಲದ ಬುಡ ಮೂಸಿತು. ಗಾಯದ ಕಾಲನ್ನು ಬಹಳ ಹೊತ್ತು ಮೂಸಿತು. ನಾನು ಉಸಿರು ಬಿಗಿ ಹಿಡಿದಿದ್ದೆ. ನನ್ನ ಕೈಯಲ್ಲಿ ಅಡ್ಡ ಹಿಡಿಯಲು ಒಂದು ಮೊರ ಇತ್ತು. ಬೂದಿ ತಲೆ ತಗ್ಗಿಸಿ, ಕೆಂಪಿಯ ಕತ್ತಿನ ಕೆಳಗೆ ತನ್ನ ಹಣೆಯನ್ನು ಒತ್ತಿ ಈ ಕಡೆಯಿಂದ ಆ ಕಡೆಗೆ ಉಜ್ಜಿತು. ಆಮೇಲೆ ಕಿವಿ ನೆಕ್ಕತೊಡಗಿತು. ಅಷ್ಟೇ. ಅಟ್ಟದ ಮೇಲೆ ಏನೋ ಸರಿದಾಡಿದ ಸದ್ದಾಯಿತು. ಇಬ್ಬರೂ ಒಟ್ಟಿಗೇ ಏಣಿ ಹತ್ತಿದರು, ಕೆಂಪಿ ಸ್ವಲ್ಪ ಕುಂಟುತ್ತಾ.

ಆ ಹನ್ನೆರಡು ದಿನದಲ್ಲಿ ಇಲಿಗಳು ಹದಿನೇಳು ಕಾಯಿಗೆ ತೂತು ಮಾಡಿದ್ದವು. ನನ್ನ ಹಳೆಯ ಚಾಳಿ, ಎಣಿಸಿ ಬರೆದಿಟ್ಟಿದ್ದೇನೆ.

ರಜೆ ಮುಗಿದು ಮೊಮ್ಮಗಳು ಹಾಸನಕ್ಕೆ ಹೊರಟಾಗ ಸುಲ್ತಾನನ ಬುಟ್ಟಿಯನ್ನೂ ಕಳುಹಿಸಿದೆ. ಎರವಲು ತಂದದ್ದನ್ನು ಕೊಳಕಾಗಿ ಹಿಂದಿರುಗಿಸಬಾರದಲ್ಲ. ಸೋಪು ಹಾಕಿ ತೊಳೆದು, ಮೂರು ದಿನ ಹಿತ್ತಿಲ ಬಿಸಿಲಿನಲ್ಲಿ ಒಣಗಿಸಿದ್ದೆ. ಒಣಗುವಾಗ ಕೆಂಪಿ ಬೂದಿ ಇಬ್ಬರೂ ಅದರ ನಾಲ್ಕು ಮೂಲೆಗೂ ಚೆನ್ನಾಗಿ ಕೆನ್ನೆ ಉಜ್ಜಿದ್ದನ್ನು ನೋಡಿ ನಕ್ಕು ಸುಮ್ಮನಾಗಿದ್ದೆ.

ವಾರ ಕಳೆದ ಮೇಲೆ ಮೊಮ್ಮಗಳ ಫೋನ್ ಬಂತು.

‘ತಾತ, ಸುಲ್ತಾನ ಅವನ ಬುಟ್ಟಿಯೊಳಗೇ ಹೋಗ್ತಿಲ್ಲವಂತೆ. ಮೂಸಿ ಮೂಸಿ ಬೈತಾನಂತೆ. ಮಹಡಿ ಆಂಟಿ ಏನು ಮಾಡೋದು ಅಂತ ಕೇಳ್ತಿದ್ದಾರೆ.’

‘ಅವರ ಮನೆಯಲ್ಲಿ ಹಳೇ ಪಂಚೆ ಇದೆಯಾ ಕೇಳು’ ಎಂದೆ.